ಲೆಕ್ಕಕ್ಕೆ ಒಗ್ಗದ ನೀರು

ಮಧ್ಯಾಹ್ನದ ಎರಡು ಗಂಟೆ. ಪ್ರಯೋಗಶಾಲೆಯ ಮೂಲೆಯಲ್ಲಿ ಪಂಪು ಗುಂಯ್ಗುಡುತ್ತಿದೆ. ಎದೆಯೆತ್ತರಕ್ಕೆ ಹಾಸಿದ ಕಬ್ಬಿಣದ ಕೊಳವೆಯಲ್ಲಿ ಹರಿದುಬಂದ ನೀರು ಕೊನೆಯ ತೊಟ್ಟಿಗೆ ಸದ್ದು ಮಾಡುತ್ತ ಬೀಳುತ್ತಿದೆ. ಸುತ್ತಲೂ ಖಾಕಿ ಮೇಲಂಗಿ ತೊಟ್ಟ ನಾಲ್ವರು ವಿದ್ಯಾರ್ಥಿಗಳು. ಒಬ್ಬನ ಕೈಯಲ್ಲಿ ಸ್ಟಾಪ್‌ವಾಚು. ಒಬ್ಬಳ ದೃಷ್ಟಿ ಪಾದರಸ ತುಂಬಿದ ಗಾಜಿನ ನಳಿಗೆಯ ಮೇಲೆ. ಮತ್ತೊಬ್ಬನು ತೊಟ್ಟಿಯ ಪಕ್ಕದ ಅಳತೆಗೋಲಿನ ಮುಂದೆ ಮೊಣಕಾಲೂರಿ ಕುಳಿತಿದ್ದಾನೆ. ನಾಲ್ಕನೆಯವನು ಅವರು ಹೇಳಿದ ಅಂಕಿಗಳನ್ನೆಲ್ಲ ಬರೆದುಕೊಳ್ಳುತ್ತಿದ್ದಾನೆ. ನೀರು ಹತ್ತು ಸೆಂಟಿಮೀಟರು ಏರಿತು. ಗಡಿಯಾರ ನಿಂತಿತು. ಪೆನ್ಸಿಲು ಓಡಿತು. ಸ್ವಲ್ಪ ಹೊತ್ತಿನಲ್ಲಿಯೇ ಲೆಕ್ಕದ ಕೊನೆಯ ಸಾಲು ಬಂದಿತು: 0.71.

ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬರಬೇಕಾಗಿದ್ದುದು 0.62.

ಇದು ಯಾವುದೋ ಒಂದು ದಿನ ಯಾವುದೋ ಒಂದು ಕಾಲೇಜಿನಲ್ಲಿ ನಡೆದ ಘಟನೆಯಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್, ಎಂದರೆ ಯಂತ್ರಶಿಲ್ಪವನ್ನು ಕಲಿಸುವ ಕಡೆಗಳಲ್ಲೆಲ್ಲ, ಲಂಡನ್ನಿನಿಂದ ಮಂಡ್ಯದವರೆಗೆ, ವರ್ಷವರ್ಷವೂ ನಡೆಯುವ ಸಂಗತಿ. ಆ ಕ್ಷಣದಲ್ಲಿ ವಿದ್ಯಾರ್ಥಿಯು ಏನು ಮಾಡುವನೆಂಬುದರ ಮೇಲೆ ಆತನ ವಿದ್ಯೆಯ ಬಹುಭಾಗ ನಿಂತಿದೆಯೆಂದರೆ ಹೊರಗಿನವರಿಗೆ ಅಚ್ಚರಿಯಾದೀತು.

ಪ್ರಯೋಗವೇನೋ ಸರಳವಾದುದೇ. ಕೊಳವೆಯ ನಡುವೆ ದುಂಡನೆಯ ರಂಧ್ರವುಳ್ಳ ಒಂದು ತಟ್ಟೆಯನ್ನು ಅಡ್ಡಲಾಗಿ ಕೂರಿಸಿರುತ್ತಾರೆ. ತಟ್ಟೆಯ ಹಿಂದೆ ಒತ್ತಡವೆಷ್ಟು, ಮುಂದೆ ಎಷ್ಟು ಎಂಬುದನ್ನು ಪಾದರಸವು ತೋರಿಸುತ್ತದೆ. ಆ ವ್ಯತ್ಯಾಸದಿಂದ, ಇಷ್ಟು ನೀರು ಹರಿಯಬೇಕೆಂದು ಸೂತ್ರವು ಹೇಳುವುದು. ನಿಜವಾಗಿ ಎಷ್ಟು ಹರಿಯಿತೆಂಬುದನ್ನು ತೊಟ್ಟಿ ಹೇಳುವುದು. ಎರಡೂ ಒಂದೇ ಆಗುವುದಿಲ್ಲ. ಸೂತ್ರವು ನೂರು ಲೀಟರು ಎಂದರೆ ತೊಟ್ಟಿಗೆ ಬೀಳುವುದು ಅರವತ್ತು-ಅರವತ್ತೆರಡು ಮಾತ್ರ. ನೀರೇನೂ ಕಳುವಾಗುವುದಿಲ್ಲ. ರಂಧ್ರದ ಚೂಪಾದ ಅಂಚಿನವರೆಗೆ ನಾನಾ ದಿಕ್ಕುಗಳಿಂದ ಓಡಿಬಂದ ನೀರು ತಟ್ಟನೆ ನೇರವಾಗಿ ತಿರುಗಿಕೊಳ್ಳಲಾರದು. ತಿರುಗುವ ಭರದಲ್ಲಿ ಧಾರೆಯು ಒಳಮುಖವಾಗಿ ಕುಗ್ಗಿ, ರಂಧ್ರಕ್ಕಿಂತ ಸಣ್ಣದಾಗಿ ಹೊರಬೀಳುತ್ತದೆ. ಈ ಕುಗ್ಗುವಿಕೆಯ ಲೆಕ್ಕವೇ ಆ 0.62.

ಮಂಡ್ಯ ಸೀಮೆಯ ಮಕ್ಕಳಿಗೆ ಇದು ತೀರ ಹೊಸದಾದ ನೋಟವೂ ಅಲ್ಲ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯಂಥ ಹಳೆಯ ಕೆರೆಗಳ ಏರಿಯಲ್ಲಿ ತೂಬುಗಳಿವೆ. ತೂಬಿನ ರಂಧ್ರವನ್ನು ಎಷ್ಟು ಬಿಚ್ಚಿದರೆ ಯಾವ ಬಯಲಿಗೆ ಎಷ್ಟು ಹೊತ್ತಿನಲ್ಲಿ ನೀರು ಮುಟ್ಟುವುದೆಂಬುದು ಊರಿನ ನೀರಗಂಟಿಗೆ ಬೆರಳ ತುದಿಯಲ್ಲಿತ್ತು. ಕೆರೆ ತುಂಬಿದ ದಿನದ ಧಾರೆಗೂ ಅರ್ಧಕ್ಕಿಳಿದ ದಿನದ ಧಾರೆಗೂ ಇರುವ ಅಂತರವನ್ನು ಆತನು ಬಲ್ಲವನಾಗಿದ್ದನು. ಸೂತ್ರವೊಂದನ್ನು ಬಲ್ಲವನಾಗಿರಲಿಲ್ಲ. ಆತನ ಊರಿನ ಹುಡುಗನು ಇಂದು ಸೂತ್ರವನ್ನು ಬಲ್ಲ. ಧಾರೆಯನ್ನು ಕಣ್ಣಾರೆ ನೋಡುವ ಅವಕಾಶ ಅವನಿಗೆ ಪ್ರಯೋಗಶಾಲೆಯಲ್ಲಿ ಸಿಗದಿದ್ದರೆ ಬೇರೆಲ್ಲಿ ಸಿಗಬೇಕು?

ಮನೆಯ ಹತ್ತಿರಕ್ಕೆ ಬಂದ ಕಾಲೇಜು

ಬಹುಕಾಲದವರೆಗೆ ಈ ನಾಲ್ಕು ತಾಲ್ಲೂಕುಗಳ ಹುಡುಗರು ಇಂಜಿನಿಯರಾಗಬೇಕೆಂದರೆ ಊರು ಬಿಡಲೇಬೇಕಾಗಿತ್ತು. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. 1946ರಲ್ಲಿ ಮೈಸೂರಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್ ಬಂದಿತು. ಕೆ. ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿಯೇ ಪಿ.ಇ.ಎಸ್. ಕಾಲೇಜನ್ನು ಕಟ್ಟಿದಾಗ ಕಬ್ಬಿನ ಗದ್ದೆಗೂ ಇಂಜಿನಿಯರಿಂಗ್ ವಿದ್ಯೆಗೂ ಇದ್ದ ದೂರವು ಒಮ್ಮೆಲೇ ತಗ್ಗಿತು. ಮೇಲುಕೋಟೆಯ ಎಸ್.ಇ.ಟಿ. ಪಾಲಿಟೆಕ್ನಿಕ್ಕು ಪಾಂಡವಪುರ ತಾಲ್ಲೂಕಿನ ಮಕ್ಕಳಿಗೆ ಡಿಪ್ಲೊಮಾದ ದಾರಿಯನ್ನು ತೆರೆಯಿತು. 2007ರಲ್ಲಿ ಕೃಷ್ಣರಾಜಪೇಟೆಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂದಿತು. ಅದೇ ವರ್ಷ ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ವಿದ್ಯಾಲಯ ಆರಂಭವಾಯಿತು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಸಂಸ್ಥೆಯ ತಾಂತ್ರಿಕ ಕಾಲೇಜು ಇದೆ. ಅಲ್ಲಿ 2018ರಿಂದ ವಿಶ್ವವಿದ್ಯಾಲಯವೇ ನಡೆಯುತ್ತಿದೆ.

ಹೀಗಾಗಿ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ ಹೊರಟ ಹುಡುಗನು ಹತ್ತು ಗಂಟೆಗೆ ಲೇತಿನ ಮುಂದೆ ನಿಲ್ಲುವುದು ಇಲ್ಲಿ ಸೋಜಿಗದ ವಿಷಯವಾಗಿ ಉಳಿದಿಲ್ಲ.

ಕೈಯಿಂದ ಮಾಡಿ ಕಲಿಯಬೇಕೆಂಬ ಈ ಪದ್ಧತಿಯೂ ಬಹಳ ಹಳೆಯದೇನಲ್ಲ. ಹಿಂದಿನ ಕಾಲದಲ್ಲಿ ಒಂದೋ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಉಮೇದುವಾರಿ ಮಾಡಬೇಕಾಗಿತ್ತು, ಇಲ್ಲವೇ ಪುಸ್ತಕ ಓದಬೇಕಾಗಿತ್ತು. 1868ರ ಸುಮಾರಿಗೆ ಮಾಸ್ಕೋ ನಗರದ ತಾಂತ್ರಿಕ ಶಾಲೆಯಲ್ಲಿ ಡೆಲ್ಲಾ ವೋಸ್ ಎಂಬಾತನು ಅರಗೊರೆಯುವುದು, ತಿರುಗಣೆ ಹಿಡಿಯುವುದು, ಕುಲುಮೆಯ ಕೆಲಸ ಇವನ್ನೆಲ್ಲ ಪಾಠಗಳಂತೆ ಕ್ರಮವಾಗಿ ವಿಂಗಡಿಸಿ ಕಲಿಸಲು ತೊಡಗಿದನು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದವರು ತಮ್ಮ ಶಾಲೆಗಳಿಗೂ ಅದನ್ನು ತಂದುಕೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಕೆನಡಿಯು 1878ರಲ್ಲಿ ಇಂಜಿನಿಯರಿಂಗ್ ಪ್ರಯೋಗಶಾಲೆಯನ್ನು ತೆರೆದನು. ಮಾಸ್ಕೋದ ಪಾಠವು ಕೈಯನ್ನು ಪಳಗಿಸಲು; ಲಂಡನ್ನಿನದು ಅಳೆದು ನೋಡಲು. ಇಂದಿನ ಕಾಲೇಜುಗಳಲ್ಲಿ ಒಂದು ಕಟ್ಟಡಕ್ಕೆ ಕಾರ್ಯಾಗಾರವೆಂದೂ ಇನ್ನೊಂದಕ್ಕೆ ಪ್ರಯೋಗಶಾಲೆಯೆಂದೂ ಹೆಸರಿರುವುದು ಈ ಎರಡು ಮೂಲಗಳಿಂದಲೇ.

ಕಾರ್ಯಾಗಾರದ ಮೊದಲ ಪಾಠ ಬಲು ನೀರಸವಾದುದು. ಅಂಗೈಯಗಲದ ಕಬ್ಬಿಣದ ತುಂಡನ್ನು ಹಿಡಿಕೆಯಲ್ಲಿ ಬಿಗಿದು, ಅರದಿಂದ ತಿಕ್ಕಿ, ಅದರ ಅಂಚುಗಳನ್ನು ಒಂದಕ್ಕೊಂದು ಲಂಬವಾಗಿಸಬೇಕು. ಅಷ್ಟೆ. ಮೊದಲ ದಿನ ಎಲ್ಲರ ತುಂಡಿನ ಮಧ್ಯವೂ ಉಬ್ಬಿಕೊಳ್ಳುತ್ತದೆ. ಏಕೆಂದರೆ ಅರವನ್ನು ಮುಂದಕ್ಕೆ ತಳ್ಳುವಾಗ ಕೈ ತನಗೆ ತಿಳಿಯದಂತೆಯೇ ತೂಗಾಡುತ್ತದೆ. ಮೂಲೆಮಟ್ಟವನ್ನಿಟ್ಟು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ಇಣುಕುತ್ತದೆ. ಮತ್ತೆ ತಿಕ್ಕಬೇಕು. ಹುಬ್ಬಿನ ಬೆವರು ಒರೆಸಿಕೊಂಡು ಹುಡುಗನು ಕೇಳುವ ಪ್ರಶ್ನೆ ಎಲ್ಲ ಕಾಲದಲ್ಲಿಯೂ ಒಂದೇ: ‘ಯಂತ್ರವಿರುವಾಗ ಇದೇಕೆ?’ ಕೂದಲೆಳೆಯ ದಪ್ಪವು ಮಿಲಿಮೀಟರಿನ ನೂರರಲ್ಲಿ ಏಳು ಪಾಲಿನಷ್ಟಿರುವುದು. ಸಾಧಾರಣ ಮೈಕ್ರೊಮೀಟರು ನೂರರಲ್ಲಿ ಒಂದು ಪಾಲನ್ನು ಅಳೆಯುತ್ತದೆ. ನಕ್ಷೆಯ ಮೇಲೆ 0.01 ಎಂದು ಬರೆಯುವುದಕ್ಕೆ ಅರೆಕ್ಷಣವೂ ಬೇಡ. ಆ ಒಂದು ಪಾಲನ್ನು ಕಬ್ಬಿಣದಿಂದ ತೆಗೆಯಬೇಕಾದರೆ ಎಷ್ಟು ಕಷ್ಟವೆಂಬುದು ತಿಕ್ಕಿದ ಭುಜಕ್ಕೆ ಮಾತ್ರ ಗೊತ್ತು. ಮುಂದೆ ನಕ್ಷೆ ಬರೆಯುವವನು, ಅವಶ್ಯವಿಲ್ಲದ ಕಡೆ ಅಂಥ ಸೂಕ್ಷ್ಮವನ್ನು ಕೇಳಿ ಕಾರ್ಖಾನೆಯ ಹಣವನ್ನು ಪೋಲು ಮಾಡದಿರಬೇಕಾದರೆ, ಒಮ್ಮೆಯಾದರೂ ಅವನ ಭುಜ ನೊಂದಿರಬೇಕು.

ಅರದ ಅನಂತರ ಲೇತು. ಇದರ ಮುಂದೆ ನಿಂತವನಿಗೆ ಮೊದಲು ಕಲಿಸುವುದು ಭಯವನ್ನು. ಹೆದರಿಕೆಯೆನ್ನುವುದಕ್ಕಿಂತ ಎಚ್ಚರವೆನ್ನುವುದು ಮೇಲು. ಸಡಿಲು ತೋಳಿನ ಅಂಗಿ ಕೂಡದು. ಜಡೆಯನ್ನು ಎತ್ತಿ ಕಟ್ಟಬೇಕು. ತುಂಡನ್ನು ಬಿಗಿದ ಕೀಲಿಯನ್ನು ಹಿಡಿಕೆಯಲ್ಲಿಯೇ ಮರೆತು ಯಂತ್ರವನ್ನು ಚಾಲೂ ಮಾಡಿದರೆ ಅದು ಗುಂಡಿನಂತೆ ಹಾರುವುದು. ಇಷ್ಟಾದ ಮೇಲೆ ಉಳಿ ಕಬ್ಬಿಣವನ್ನು ಮುಟ್ಟುತ್ತದೆ. ಮೆದು ಉಕ್ಕಾದರೆ ಹೆರೆಯು ಉದ್ದವಾಗಿ ಸುರುಳಿಸುತ್ತಿಕೊಂಡು ಬರುವುದು. ಬೀಡುಕಬ್ಬಿಣವಾದರೆ ಪುಡಿಪುಡಿಯಾಗಿ ಉದುರುವುದು. ಹೆರೆಯು ನೀಲಿಗೆ ತಿರುಗಿತೆಂದರೆ ಶಾಖ ಹೆಚ್ಚಾಯಿತೆಂದು ತಿಳಿಯಬೇಕು. ಪಳಗಿದ ಕೆಲಸಗಾರನು ಬೆನ್ನು ತಿರುಗಿಸಿ ನಿಂತಿದ್ದರೂ ಸದ್ದಿನಿಂದಲೇ ಉಳಿ ಮೊಂಡಾದುದನ್ನು ಹೇಳಬಲ್ಲನು.

ಈ ವಿದ್ಯೆಯ ಹಳೆಯ ಗುರುತೊಂದು ಕೃಷ್ಣರಾಜಪೇಟೆಯ ಮಗ್ಗುಲಲ್ಲಿಯೇ ಇದೆ. ಅಲ್ಲಿಂದ ತೀರ ಹತ್ತಿರದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ನವರಂಗದ ಕಂಬಗಳು ಗುಂಡಗೆ, ಉಂಗುರ ಉಂಗುರವಾಗಿ, ಕನ್ನಡಿಯಂತೆ ನುಣುಪಾಗಿವೆ. ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲನ್ನು ತಿರುಗಣೆಗೆ ಕೊಟ್ಟು ಇವನ್ನು ಕಡೆದರೆಂಬುದು ವಿದ್ವಾಂಸರ ಅಭಿಪ್ರಾಯ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಬರಬರುತ್ತ ಗಡುಸಾಗುವಂಥದು; ಅದಕ್ಕೆ ತಕ್ಕ ಉಳಿಯನ್ನೂ ವೇಗವನ್ನೂ ಅವರು ಅರಿತಿದ್ದಿರಬೇಕು. ಲೇತಿನ ಮೇಲೆ ಒಂದು ಸಲ ಕೈಯಾಡಿಸಿ ಬಂದ ವಿದ್ಯಾರ್ಥಿಯು ಆ ಕಂಬದ ಮುಂದೆ ನಿಂತರೆ ಕೈಮುಗಿಯುವ ಕಾರಣಗಳಲ್ಲಿ ಒಂದು ಹೆಚ್ಚಾಗುವುದು: ಅಷ್ಟು ಭಾರದ ಕಲ್ಲಿನ ನಡುಗೆರೆಯನ್ನು ಅವರು ಅಲುಗದಂತೆ ಹಿಡಿದುದಾದರೂ ಹೇಗೆ?

ಸುರಿಯದ ಲೋಹ

ಎರಕದ ಮಾತು ಬಂದರೆ ನಾಗಮಂಗಲವನ್ನು ನೆನೆಯದಿರಲಾಗದು. ಹಿತ್ತಾಳೆ, ಪಂಚಲೋಹಗಳ ಕೆಲಸಕ್ಕೆ ಈ ಊರು ಹಿಂದಿನಿಂದಲೂ ಹೆಸರಾದುದು. ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಅದರ ಮೇಲೆ ನುಣ್ಣನೆಯ ಮಣ್ಣನ್ನು ಪದರಪದರವಾಗಿ ಬಳಿದು ಒಣಗಿಸಿ, ಕಾಯಿಸಿದಾಗ ಮೇಣವು ಕರಗಿ ಹರಿದುಹೋಗುವುದು. ಆ ಟೊಳ್ಳಿನೊಳಗೆ ಕರಗಿದ ಲೋಹವನ್ನು ಹೊಯ್ಯುವರು. ಕಾಲೇಜಿನ ಎರಕದ ಶಾಲೆಯಲ್ಲಿ ಮೇಣದ ಬದಲು ಮರದ ಅಚ್ಚು, ಮಣ್ಣಿನ ಬದಲು ಹದಗೊಳಿಸಿದ ಮರಳು. ಹದವೇ ಇಲ್ಲಿಯ ಗುಟ್ಟು. ಮರಳು ಹೆಚ್ಚು ಒದ್ದೆಯಾದರೆ ಬಿಸಿಲೋಹವು ತಾಗಿದೊಡನೆ ಆವಿ ಎದ್ದು ಎರಕದೊಳಗೆ ಗುಳ್ಳೆಗಳು ಉಳಿಯುತ್ತವೆ. ಕಡಿಮೆಯಾದರೆ ಗೋಡೆ ಕುಸಿಯುತ್ತದೆ. ತೇವವನ್ನು ಅಳೆಯಲು ಉಪಕರಣವಿದೆ. ಆದರೆ ಮೊದಲು ಹೇಳಿಕೊಡುವುದು ಒಂದು ಹಿಡಿ ಮರಳನ್ನು ಅಮುಕಿ ನೋಡುವುದನ್ನು. ಬೆರಳ ಗುರುತು ಉಳಿಯಬೇಕು, ಮುರಿದರೆ ಅಂಚು ಚೂಪಾಗಿರಬೇಕು, ಅಂಗೈಗೆ ಅಂಟಬಾರದು. ಚಕ್ಕುಲಿ ಹಿಟ್ಟನ್ನು ಕಲಸಿದವರಿಗೆ ಈ ಪಾಠವು ಸುಲಭವಾಗಿ ಅರ್ಥವಾದೀತು.

ಅಚ್ಚಿನ ಅಳತೆಯಲ್ಲಿಯೂ ಒಂದು ಸ್ವಾರಸ್ಯವುಂಟು. ಲೋಹವು ಆರುವಾಗ ಕುಗ್ಗುತ್ತದೆ: ಬೀಡುಕಬ್ಬಿಣ ಮೀಟರಿಗೆ ಸುಮಾರು 10 ಮಿಲಿಮೀಟರು, ಹಿತ್ತಾಳೆ ಸುಮಾರು 15. ಆದುದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಹಳೆಯ ಅಚ್ಚುಗಾರರು ಇದಕ್ಕೆಂದೇ ಬೇರೆ ಅಳತೆಗೋಲುಗಳನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ಮೀಟರೆಂದು ಗುರುತಿದ್ದರೂ ನಿಜವಾಗಿ ಒಂದು ಮೀಟರಿಗಿಂತ ಉದ್ದವಾದ ಕೋಲು! ಸುಳ್ಳು ಹೇಳಿ ಸತ್ಯವನ್ನು ಸಾಧಿಸುವ ಅಳತೆಗೋಲು ಇದೊಂದೇ ಇರಬಹುದು.

ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ನಾಡಿನ ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮರಳಿನ ಅಚ್ಚನ್ನು ಅಂದವಾಗಿ ಸಿದ್ಧಪಡಿಸುತ್ತಾರೆ. ಪರೀಕ್ಷಕರು ನೋಡಿ ಅಂಕ ಕೊಡುತ್ತಾರೆ. ಅನಂತರ ಅದನ್ನು ಒಡೆದು ಮರಳನ್ನು ರಾಶಿಗೆ ಸೇರಿಸುತ್ತಾರೆ. ಲೋಹವನ್ನು ಸುರಿಯುವುದೇ ಇಲ್ಲ. ಇಂಧನಕ್ಕೆ ಹಣ ಬೇಕು; ಅಪಾಯದ ಅಂಜಿಕೆ ಬೇರೆ. ಕಾರಣಗಳು ಸುಳ್ಳಲ್ಲ. ಆದರೂ ಅಡುಗೆಯನ್ನು ಒಲೆಯ ಮೇಲಿಡದೆ ರುಚಿ ನೋಡಿದಂತಾಯಿತಲ್ಲವೆ? ಅಚ್ಚಿನ ತಪ್ಪು ಕಾಣುವುದು ಎರಕವನ್ನು ಒಡೆದಾಗ. ನಾಲ್ಕು ವರ್ಷಗಳಲ್ಲಿ ಒಂದೇ ಒಂದು ಸಲವಾದರೂ ತಾನು ಕಟ್ಟಿದ ಅಚ್ಚಿನಿಂದ ಗುಳ್ಳೆಬಿದ್ದ ಒಂದು ಹಿತ್ತಾಳೆಯ ತುಂಡನ್ನು ಹೊರತೆಗೆದು ನಾಚಿಕೊಂಡವನು, ಹತ್ತು ಅಂದವಾದ ಅಚ್ಚುಗಳನ್ನು ಮಾಡಿ ಒಡೆದವನಿಗಿಂತ ಹೆಚ್ಚು ಬಲ್ಲವನು.

ಮುರಿಯುವುದೇ ಪಾಠವಾಗಿರುವ ಶಾಲೆಯೂ ಒಂದಿದೆ. ವಸ್ತುಪರೀಕ್ಷೆಯ ಕೋಣೆಯಲ್ಲಿ ಬೆರಳ ದಪ್ಪದ ಉಕ್ಕಿನ ಕಂಬಿಯ ಎರಡು ತುದಿಗಳನ್ನು ಹಿಡಿದು ಯಂತ್ರವೊಂದು ಮೆಲ್ಲನೆ ಎಳೆಯುತ್ತದೆ. ಮೊದಮೊದಲು ಏನೂ ಕಾಣದು. ಬರಬರುತ್ತ ಕಂಬಿಯು ಒಂದೆಡೆ ಸೊಂಟದಂತೆ ಸಣ್ಣಗಾಗುತ್ತದೆ. ಕೊನೆಗೆ ಕೋಣೆಯೆಲ್ಲ ಬೆಚ್ಚಿಬೀಳುವ ಸದ್ದು. ಮುರಿದ ಒಂದು ತುಂಡು ಬಟ್ಟಲಿನಂತೆ, ಇನ್ನೊಂದು ಅದಕ್ಕೆ ಹೊಂದುವ ಮೊನೆಯಂತೆ. ಬೀಡುಕಬ್ಬಿಣವಾದರೋ ಯಾವ ಮುನ್ಸೂಚನೆಯನ್ನೂ ಕೊಡದೆ ಪಟ್ಟೆಂದು ಮುರಿಯುತ್ತದೆ. ಸೇತುವೆಗೆ ಉಕ್ಕನ್ನೇಕೆ ನೆಚ್ಚುವರೆಂಬುದು ಆ ಸದ್ದಿನ ಮುಂಚಿನ ಕೆಲವು ಕ್ಷಣಗಳಲ್ಲಿ ಮನಸ್ಸಿಗೆ ನಾಟುವಂತೆ ನೂರು ಪುಟಗಳಲ್ಲಿ ನಾಟಲಾರದು. ಇದರ ಚಿಕ್ಕ ರೂಪವನ್ನು ವಾಚಕರು ಮನೆಯಲ್ಲಿಯೇ ನೋಡಬಹುದು. ಮಕ್ಕಳ ಸೀಮೆಸುಣ್ಣದ ಕಡ್ಡಿಯೊಂದನ್ನು ಎರಡೂ ತುದಿಗಳಲ್ಲಿ ಹಿಡಿದು, ಬಾಗಿಸದೆ, ಬಟ್ಟೆ ಹಿಂಡುವಂತೆ ತಿರುಚಿರಿ. ಅದು ನೇರವಾಗಿ ಮುರಿಯದೆ ಓರೆಯಾದ ಸುರುಳಿಯಾಗಿ ಮುರಿಯುವುದು. ಬೀಡುಕಬ್ಬಿಣವೂ ಹೀಗೆಯೇ. ಮೆದು ಉಕ್ಕಿನ ಕಂಬಿಯನ್ನು ಅದೇ ರೀತಿ ತಿರುಚಿದರೆ ಹಲವು ಸುತ್ತು ಸಹಿಸಿ, ಚಾಕುವಿನಿಂದ ಕೊಯ್ದಂತೆ ನೇರವಾಗಿ ಕಡಿಯುವುದು. ಸುಣ್ಣದ ಕಡ್ಡಿಯು ಎಳೆತಕ್ಕೆ ಸೋಲುವುದು, ಉಕ್ಕು ಜಾರಿಕೆಗೆ ಸೋಲುವುದು. ಆದುದರಿಂದಲೇ ಈ ಭೇದ.

ಹೊಲದಲ್ಲಿ ಕಂಡುದು

ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ತೊಡಕುಂಟು, ನಿಜ. ಆದರೆ ಪ್ರಯೋಗಶಾಲೆಯಲ್ಲಿ ಅವನ ಸರದಿ ಬರುತ್ತದೆ. ಪಂಪನ್ನು ಚಾಲೂ ಮಾಡುವ ಮೊದಲು ಅದರ ಹೊಟ್ಟೆಗೂ ಕೊಳವೆಗೂ ನೀರು ತುಂಬಿಸಬೇಕೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾವಿಯ ದಂಡೆಯಲ್ಲಿ ತಂದೆಯೊಡನೆ ಕೊಡದಿಂದ ನೀರು ಹೊಯ್ದವನು ಅವನು. ಏಕೆ ತುಂಬಿಸಬೇಕೆಂಬುದು ಮಾತ್ರ ಇಲ್ಲಿ ತಿಳಿಯುತ್ತದೆ. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಒಳಗೆ ಒತ್ತಡವನ್ನು ತಗ್ಗಿಸುವುದಷ್ಟೆ, ಮೇಲಕ್ಕೆ ನೂಕುವುದು ಬಾವಿಯ ಮೇಲಿರುವ ಗಾಳಿ. ಗಾಳಿಯ ಬಲಕ್ಕೂ ಮಿತಿಯುಂಟು: ಸಮುದ್ರಮಟ್ಟದಲ್ಲಿ ಹೆಚ್ಚೆಂದರೆ 10.3 ಮೀಟರು, ಮಂಡ್ಯದಂಥ ಎತ್ತರದ ಸೀಮೆಯಲ್ಲಿ ಇನ್ನೂ ಕಡಿಮೆ, ವ್ಯವಹಾರದಲ್ಲಿ ಆರೇಳು ಮೀಟರು. ಬೇಸಗೆಯಲ್ಲಿ ನೀರು ತಳಕ್ಕಿಳಿದಾಗ ತಂದೆಯು ಪಂಪನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸುತ್ತಿದ್ದುದೇಕೆಂಬುದು ಆ ಹುಡುಗನಿಗೆ ಅಂದು ಹೊಳೆಯುವುದು. ಆ ಸಂಜೆ ಮನೆಗೆ ಹೋಗಿ ಅವನು ಹೇಳುವ ವಿಷಯವೂ ಇದೇ ಇದ್ದೀತು.

ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯಿಸಿಕೊಳ್ಳುತ್ತಿದ್ದ ಪಾಂಡವಪುರದ ಸುತ್ತ ಆಲೆಮನೆಗಳು ಬಹಳ. ಬೆಲ್ಲದ ಪಾಕವು ಇಳಿಸುವ ಹದಕ್ಕೆ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಪಾಕ ಹಿಡಿಯುವವನ ಬಳಿ ಉಷ್ಣಮಾಪಕವಿರುವುದಿಲ್ಲ. ತಣ್ಣೀರಿನಲ್ಲಿ ಒಂದು ತೊಟ್ಟು ಬಿಟ್ಟು ಬೆರಳಿನಿಂದ ಉರುಟಿ ನೋಡಿ ‘ಇಳಿಸಿ’ ಎನ್ನುವನು. ಶಾಖಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇದೇ ಕೆಲಸಕ್ಕೆ ಎರಡು ಲೋಹಗಳ ತಂತಿಯನ್ನು ಬೆಸೆದ ಮಾಪಕ. ಬೆರಳು ಹೆಚ್ಚೋ ತಂತಿ ಹೆಚ್ಚೋ ಎಂಬ ವಾದ ವ್ಯರ್ಥ. ಎರಡನ್ನೂ ಕಂಡವನು ಒಂದನ್ನು ಇನ್ನೊಂದರಿಂದ ಸರಿಪಡಿಸಿಕೊಳ್ಳಬಲ್ಲನೆಂಬುದು ಮುಖ್ಯ.

ಡೀಸೆಲ್ ಇಂಜಿನ್ನಿನ ಪ್ರಯೋಗವಂತೂ ಗೃಹಿಣಿಯರ ತಿಂಗಳ ಖರ್ಚಿನ ಪಟ್ಟಿಯನ್ನೇ ನೆನಪಿಗೆ ತರುವಂಥದು. ಇಷ್ಟು ಎಣ್ಣೆ ಉರಿಯಿತು. ಅದರ ಶಾಖವೆಲ್ಲ ಎಲ್ಲಿ ಹೋಯಿತು? ಗಾಜಿನ ನಳಿಗೆಯಲ್ಲಿ ಹತ್ತು ಘನ ಸೆಂಟಿಮೀಟರು ಎಣ್ಣೆ ಇಳಿಯಲು ಹಿಡಿದ ಕಾಲವನ್ನು ಗುರುತಿಸಿಕೊಂಡು, ತಂಪುಗೊಳಿಸುವ ನೀರಿನ ಉಷ್ಣತೆ, ಹೊಗೆಯ ಉಷ್ಣತೆ, ಚಕ್ರಕ್ಕೆ ಸುತ್ತಿದ ಹಗ್ಗದ ಎಳೆತ ಇವನ್ನೆಲ್ಲ ಅಳೆದು ಲೆಕ್ಕ ಹಾಕಿದರೆ, ಸಣ್ಣ ಇಂಜಿನ್ನಿನಲ್ಲಿ ಕೆಲಸಕ್ಕೆ ಬಂದುದು ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲು. ಮಿಕ್ಕಿದುದರಲ್ಲಿ ಬಹುಪಾಲು ನೀರಿಗೂ ಹೊಗೆಗೂ ಹೋಯಿತು. ಪಟ್ಟಿಯ ಕೊನೆಯಲ್ಲಿ ‘ಲೆಕ್ಕಕ್ಕೆ ಸಿಗದ್ದು’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಎಲ್ಲ ಸಂಸಾರಗಳಲ್ಲಿಯೂ ಇರುವಂತೆಯೇ.

ನದಿಯನ್ನು ಅಂಗಳಕ್ಕೆ ತಂದುದು

ಪ್ರಯೋಗವೆಂಬುದು ಮಕ್ಕಳ ಆಟವಲ್ಲವೆಂಬುದಕ್ಕೆ ಸಾಕ್ಷಿಯು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ, ಕೋಡಿಗಳ ಚಿಕ್ಕ ಮಾದರಿಗಳನ್ನು ಕಟ್ಟಿ, ಅವುಗಳ ಮೇಲೆ ನೀರು ಹರಿಯಿಸಿ ನೋಡುತ್ತಾರೆ. ಇದರ ಗಣಿತ ಸೊಗಸಾದುದು. ಉದ್ದವನ್ನು ಐವತ್ತನೆಯ ಒಂದು ಪಾಲಿಗೆ ಇಳಿಸಿದರೆ ವೇಗವು ಸುಮಾರು ಏಳನೆಯ ಒಂದು ಪಾಲಿಗೆ ಇಳಿಯಬೇಕು. ನೀರಿನ ಮೊತ್ತವೋ ಹದಿನೇಳು ಸಾವಿರದ ಆರುನೂರಕ್ಕೂ ಹೆಚ್ಚು ಪಟ್ಟು ಕಡಿಮೆಯಾಗಬೇಕು. ಒಂದು ಲಕ್ಷ ಕ್ಯೂಸೆಕ್ಸಿನ ಪ್ರವಾಹವನ್ನು 5.7 ಕ್ಯೂಸೆಕ್ಸಿನಲ್ಲಿ ಕಾಣಬಹುದೆಂದಾಯಿತು. ಕೋಡಿಯ ಬುಡವನ್ನು ನೀರು ಎಲ್ಲಿ ಕೊರೆಯುವುದು, ಎಲ್ಲಿ ಸುಳಿ ಏಳುವುದು ಎಂಬುದನ್ನೆಲ್ಲ ಕಾಂಕ್ರೀಟು ಸುರಿಯುವ ಮೊದಲೇ ನೋಡಿ ತಿದ್ದಿಕೊಳ್ಳುವರು. ಅಲ್ಲಿ ಅಳತೆಯವನು ತನಗೆ ಬೇಕಾದ ಅಂಕಿಯನ್ನು ಬರೆದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ; ಅಣೆಕಟ್ಟಿನ ಕೆಳಗೆ ಊರುಗಳಿರುತ್ತವೆ.

ಇಲ್ಲಿಗೆ ಮತ್ತೆ ಆ 0.71ರ ಬಳಿಗೆ ಬರಬೇಕಾಯಿತು.

ನಾಲ್ವರಲ್ಲಿ ಒಬ್ಬನು ಮೆಲ್ಲನೆ ಹೇಳುವ ಮಾತು ಇದು: ‘ಹಳೆಯ ರೆಕಾರ್ಡು ಇದೆ. ಅದರಲ್ಲಿ 0.62 ಬಂದಿದೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿಗಳನ್ನು ಕೂರಿಸೋಣ.’ ಹಿಂದಿನ ವರ್ಷದವರ ರೆಕಾರ್ಡು ಪುಸ್ತಕವೆಂಬುದು ಇಂಜಿನಿಯರಿಂಗ್ ವಿದ್ಯಾರ್ಥಿನಿಲಯಗಳ ಪಿತ್ರಾರ್ಜಿತ ಆಸ್ತಿ. ಅಣ್ಣನಿಂದ ತಮ್ಮನಿಗೆ, ಕೋಣೆಯಿಂದ ಕೋಣೆಗೆ ಬರುತ್ತಿರುತ್ತದೆ. ಅದರಿಂದ ನಕಲು ಮಾಡಿದವನಿಗೆ ಅಂಕವೂ ಸಿಗುತ್ತದೆ. ಸರಿಯಾದ ಉತ್ತರಕ್ಕೆ ಅಂಕ ಕೊಡುವ ಪದ್ಧತಿಯಿರುವಾಗ, ನೀರು ಕೊಟ್ಟ ಉತ್ತರವನ್ನು ಬರೆದವನೇ ದಡ್ಡನೆನಿಸಿಕೊಳ್ಳುವ ಸಂಭವವುಂಟು. ತಪ್ಪು ಹುಡುಗರದು ಮಾತ್ರವಲ್ಲ.

ಆದರೆ 0.71 ಎಂಬುದು ಸುಮ್ಮನೆ ಬಂದ ಅಂಕಿಯಲ್ಲ. ಅದು ಏನನ್ನೋ ಹೇಳುತ್ತಿದೆ. ಒಳ್ಳೆಯ ಅಧ್ಯಾಪಕನು ಆ ಹೊತ್ತಿಗೆ ಬಂದರೆ ಉತ್ತರವನ್ನು ಹೇಳನು. ‘ನಿಜವಾದ ನೀರು ಹೆಚ್ಚಾಯಿತೋ, ಸೂತ್ರದ ನೀರು ಕಡಿಮೆಯಾಯಿತೋ?’ ಎಂದು ಕೇಳುವನು. ತೊಟ್ಟಿಯ ಅಗಲವನ್ನು ಮತ್ತೆ ಅಳೆಯುತ್ತಾರೆ: ಸರಿ. ಗಡಿಯಾರ: ಸರಿ. ಹಾಗಾದರೆ ಪಾದರಸವೇ ಕಡಿಮೆ ತೋರಿಸುತ್ತಿರಬೇಕು. ಏಕೆ? ಕೊಳವೆಯಿಂದ ನಳಿಗೆಗೆ ಬರುವ ರಬ್ಬರಿನ ನಾಳವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕಡಲೆಕಾಳಿನಷ್ಟು ಒಂದು ಗಾಳಿಯ ಗುಳ್ಳೆ. ಅದರ ಹಿಂದೆ ಇನ್ನೊಂದು. ಗುಳ್ಳೆಗಳಿರುವಷ್ಟು ಉದ್ದಕ್ಕೆ ನೀರಿನ ಭಾರವಿಲ್ಲ. ಒತ್ತಡದ ಲೆಕ್ಕ ಅಷ್ಟರಮಟ್ಟಿಗೆ ತಪ್ಪಿತು. ಪುಟ್ಟ ನಲ್ಲಿಯನ್ನು ತಿರುಗಿಸಿದೊಡನೆ ಗಾಳಿಯು ಉಸ್ಸೆಂದು ಹೊರಬಿದ್ದಿತು. ಮತ್ತೆ ಹತ್ತು ಸೆಂಟಿಮೀಟರು, ಮತ್ತೆ ಗಡಿಯಾರ. 0.63.

ಎರಡು ಅಂಕಿಗಳನ್ನೂ, ಗುಳ್ಳೆಯ ಸಂಗತಿಯನ್ನೂ ರೆಕಾರ್ಡಿನಲ್ಲಿ ಬರೆಯಲು ಬಿಡುವ ಅಧ್ಯಾಪಕರೂ ಇದ್ದಾರೆ. ಅಂಥವರ ಶಿಷ್ಯರ ಪುಸ್ತಕಗಳು ಅಷ್ಟು ಚೊಕ್ಕಟವಾಗಿರುವುದಿಲ್ಲ.

2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ಕಾಲೇಜುಗಳೆಲ್ಲ ಮುಚ್ಚಿದಾಗ ಪ್ರಯೋಗಗಳು ಪರದೆಯ ಮೇಲೆ ನಡೆಯಬೇಕಾಯಿತು. ಅದಕ್ಕೂ ಹತ್ತು ವರ್ಷ ಮುಂಚೆಯೇ ಕೇಂದ್ರ ಸರ್ಕಾರದ ನೆರವಿನಿಂದ ದೇಶದ ದೊಡ್ಡ ತಾಂತ್ರಿಕ ಸಂಸ್ಥೆಗಳು ಸೇರಿ ‘ವರ್ಚುಯಲ್ ಲ್ಯಾಬ್ಸ್’ ಎಂಬ ಯೋಜನೆಯನ್ನು ಹೂಡಿದ್ದವು. ನಮ್ಮ ಸುರತ್ಕಲ್ಲಿನ ಸಂಸ್ಥೆಯೂ ಅದರಲ್ಲಿ ಸೇರಿದೆ. ಅದು ಉಪಕಾರವನ್ನೇ ಮಾಡಿತು. ದುಬಾರಿ ಯಂತ್ರವಿಲ್ಲದ ಊರಿನವನಿಗೂ ಅದರ ನಡೆಯನ್ನು ತೋರಿಸಿತು. ಹತ್ತು ಸಲ ತಪ್ಪಿದರೂ ಏನೂ ಮುರಿಯುವುದಿಲ್ಲ. ಆದರೆ ಪರದೆಯ ಮೇಲಿನ ನೀರು ಬಹಳ ವಿಧೇಯವಾದುದು. ಯಾರೂ ಬೇಕೆಂದು ಸೇರಿಸದ ಹೊರತು ಅದರಲ್ಲಿ ಗುಳ್ಳೆ ಇರುವುದಿಲ್ಲ. ಆ ಎರಡು ವರ್ಷಗಳ ವಿದ್ಯಾರ್ಥಿಗಳು ಅನಂತರ ಕಾರ್ಖಾನೆಗಳಿಗೆ ಹೋದಾಗ ಕೈಯ ಪಾಠವನ್ನು ಅಲ್ಲಿ ಕಲಿಯಬೇಕಾಯಿತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ, ಬೇರೆಬೇರೆಯಾಗಿದ್ದ ಪಾಠವನ್ನೂ ಪ್ರಯೋಗವನ್ನೂ ಕೆಲವು ವಿಷಯಗಳಲ್ಲಿ ಒಂದುಗೂಡಿಸಲಾಯಿತು. ಅಂಥ ವಿಷಯಗಳಲ್ಲಿ ಪ್ರಯೋಗದ ಕೆಲಸವನ್ನು ಅಧ್ಯಾಪಕರೇ ಅವಧಿಯುದ್ದಕ್ಕೂ ನೋಡಿ ಅಂಕವಿಡುವರು. ಇದರಿಂದ ಒಳ್ಳೆಯದೂ ಆಗಬಹುದು, ಕೆಟ್ಟದೂ ಆಗಬಹುದು. ಹೊರಗಿನ ಪರೀಕ್ಷಕನ ಭಯವಿಲ್ಲದಿದ್ದರೆ 0.71ನ್ನು ಧೈರ್ಯವಾಗಿ ಬರೆಯಬಹುದು. ಅದೇ ಕಾರಣದಿಂದ ಪಂಪನ್ನು ಚಾಲೂ ಮಾಡದೆಯೇ ದಿನ ಕಳೆಯಲೂಬಹುದು. ಕಂಪ್ಯೂಟರಿನ ಕಡೆಗೆ ಎಲ್ಲರೂ ಓಡುತ್ತಿರುವ ಈ ದಿನಗಳಲ್ಲಿ ಯಂತ್ರಶಿಲ್ಪದ ಸ್ಥಾನಗಳು ಹಲವೆಡೆ ಖಾಲಿ ಉಳಿಯುತ್ತಿವೆ. ತರಗತಿ ಚಿಕ್ಕದಾದುದರಿಂದ ಆಗುವ ಲಾಭವೂ ಒಂದುಂಟು: ಎಂಟು ಮಂದಿ ಸುತ್ತುವರಿದು ಇಬ್ಬರು ಮಾತ್ರ ಕೆಲಸ ಮಾಡುತ್ತಿದ್ದ ಲೇತಿನ ಮುಂದೆ ಈಗ ಇಬ್ಬರೇ ನಿಲ್ಲಬಹುದು. ಆ ಇಬ್ಬರಲ್ಲಿ ಒಬ್ಬಳು ಹುಡುಗಿಯಾಗಿರುವುದೂ ಈಗ ಅಪರೂಪವಲ್ಲ. ಎಣ್ಣೆಯ ಕಲೆ ಹತ್ತಿದ ಮೇಲಂಗಿಯನ್ನು ಒಗೆಯುವ ತಾಯಂದಿರು ಮಾತ್ರ ಮಗನೆಂದಾಗಲಿ ಮಗಳೆಂದಾಗಲಿ ಭೇದವೆಣಿಸದೆ ಗೊಣಗುತ್ತಾರೆ.

ಈ ಶಾಲೆಗಳ ಜೀವಾಳವಾದ ಒಬ್ಬ ವ್ಯಕ್ತಿಯ ಹೆಸರು ಯಾವ ಪರಿಚಯಪತ್ರದಲ್ಲಿಯೂ ಅಚ್ಚಾಗುವುದಿಲ್ಲ. ಆತನೇ ಕಾರ್ಯಾಗಾರದ ಬೋಧಕ; ಹಳೆಯ ಹೆಸರಿನಲ್ಲಿ ‘ಮೇಸ್ತ್ರಿ’. ಯಾವ ಪಂಪಿನ ಯಾವ ಕೀಲು ಸೋರುವುದು, ಯಾವ ಲೇತಿನ ತಿರುಪು ಕಾಲು ಸುತ್ತು ಸಡಿಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಪ್ರಾಧ್ಯಾಪಕರು ಬದಲಾಗುತ್ತಾರೆ, ಪಠ್ಯಕ್ರಮಗಳು ಬದಲಾಗುತ್ತವೆ. ಅವನು ಅಲ್ಲಿಯೇ ಇರುತ್ತಾನೆ. ಅಂಥವನು ನಿವೃತ್ತನಾದ ಮೇಲೆ ಆ ಸ್ಥಾನವು ತುಂಬದೆ ಉಳಿದರೆ, ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಆರು ತಿಂಗಳೊಳಗೆ ಅವುಗಳ ಮೇಲೆ ಧೂಳಿನ ಹೊದಿಕೆ ಬೀಳುವುದು.

ನಾಲ್ಕೂವರೆಗೆ ಗಂಟೆಯಾಗುತ್ತದೆ. ಕೃಷ್ಣರಾಜಪೇಟೆಯ ಬಸ್ಸಿಗೆ, ನಾಗಮಂಗಲದ ಬಸ್ಸಿಗೆ ಮಕ್ಕಳು ಓಡುತ್ತಾರೆ. ಮೇಸ್ತ್ರಿಯು ಪಂಪಿನ ನೀರನ್ನು ಬಸಿದು, ಲೇತಿನ ಹೆರೆಗಳನ್ನು ಕುಂಚದಿಂದ ಗುಡಿಸಿ, ತುಕ್ಕು ಹಿಡಿಯದಂತೆ ಅದರ ಹಾಸಿನ ಮೇಲೆ ತೆಳ್ಳಗೆ ಎಣ್ಣೆಯನ್ನು ಸವರುತ್ತಾನೆ. ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಹಳೆಯ ರೆಕಾರ್ಡು ಪುಸ್ತಕವಿದೆ. ಅದನ್ನೆತ್ತಿ, ಎಣ್ಣೆಯ ಕೈಯನ್ನು ಒಮ್ಮೆ ಒರೆಸಿಕೊಂಡು, ಬೀರುವಿನ ಮೇಲೆ ಕೈಗೆಟುಕದಷ್ಟು ಎತ್ತರದಲ್ಲಿ ಇಟ್ಟು, ದೀಪ ಆರಿಸುತ್ತಾನೆ.